ಚಳಿ ಹಾಗೂ ಮೋಡದ ದಿನಗಳಲ್ಲಿ ತೋಟದ ಕೆರೆಯ ಪರಭಕ್ಷಕ ಮೀನುಗಳಿಗೆ ಗಾಳ ಹಾಕುವ ಕ್ರಮ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಅಡಿಕೆ ತೋಟಗಳ ಕೆರೆ ಹಾಗೂ ಕೃಷಿಹೊಂಡಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಗೆಂಡೆ ಮೀನುಗಳನ್ನು ಸಾಕಬಹುದು. ಆದರೆ ಮಳೆಗಾಲದಲ್ಲಿ ತೋಡು ಉಕ್ಕಿದಾಗ ಮಡೆಂಜಿ (ಮುರ್ರೆಲ್) ಮತ್ತು ಮುಗುಡು ಮೀನುಗಳು ಕೆರೆ ಸೇರಿ ಬಿತ್ತನೆ ಮರಿಗಳನ್ನು ತಿನ್ನುತ್ತವೆ. ನೀರಾವರಿಗೆ ನೀರು ಬೇಕಿರುವುದರಿಂದ ಮಳೆಗಾಲದ ಬಳಿಕ ಕೆರೆಯನ್ನು ಬರಿದು ಮಾಡಲಾಗದು. ಆಗ ಗಾಳವೇ ಸೂಕ್ತ ಸಾಧನ.

ಹವಾಮಾನದ ಪರಿಣಾಮ

ಮೀನು ಶೀತರಕ್ತ ಪ್ರಾಣಿ. ನೀರು ತಣಿದಂತೆ ಅದರ ಚಲನೆ ಮತ್ತು ಹಸಿವು ಕುಗ್ಗುತ್ತವೆ. ಆದುದರಿಂದ ಡಿಸೆಂಬರ್–ಜನವರಿಯ ಚಳಿಯ ಮುಂಜಾವಿನಲ್ಲಿ ಗಾಳಕ್ಕೆ ಮೀನು ಬೀಳುವುದು ವಿರಳ.

ಅಕ್ಟೋಬರ್–ನವೆಂಬರಿನ ಮೋಡದ ದಿನಗಳ ಸ್ಥಿತಿ ಬೇರೆ. ಬಿಸಿಲು ಕಡಿಮೆಯಾದಾಗ ನೀರಿನ ಪಾಚಿ ಉತ್ಪಾದಿಸುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಹಠಾತ್ ಮಳೆಗೆ ಮೇಲ್ಪದರ ತಣಿದು ಕೆಳಗಿಳಿದರೆ ತಳದ ಆಮ್ಲಜನಕರಹಿತ ನೀರು ಮೇಲೆ ಬೆರೆಯುತ್ತದೆ. ಗೆಂಡೆ ಮೀನುಗಳು ಬಾಯ್ದೆರೆದು ಮೇಲೆ ತೇಲುವುದು ಇದರ ಲಕ್ಷಣ. ಮಡೆಂಜಿ ಮತ್ತು ಮುಗುಡು ಹೊರಗಿನ ಗಾಳಿಯನ್ನೂ ಉಸಿರಾಡಬಲ್ಲವು. ಆದುದರಿಂದ ಅವು ಬಳಲದೆ, ಬಳಲಿದ ಮರಿಗಳನ್ನು ಸುಲಭವಾಗಿ ಹಿಡಿಯುತ್ತವೆ. ಇಂತಹ ದಿನಗಳಲ್ಲಿ ಮೀನಿನ ಆಹಾರ ನಿಲ್ಲಿಸಿ, ಪಂಪಿನಿಂದ ನೀರನ್ನೆತ್ತಿ ಕೆರೆಗೇ ಚಿಮ್ಮಿಸಿರಿ.

ಗಾಳ ಹಾಕುವ ವಿಧಾನ

• ಚಳಿಯ ದಿನಗಳಲ್ಲಿ ಬಿಸಿಲೇರಿದ ಬಳಿಕ, ಮಧ್ಯಾಹ್ನದ ಹೊತ್ತಿಗೆ ದಡದ ಆಳವಿಲ್ಲದ ಭಾಗದಲ್ಲಿ ಗಾಳ ಹಾಕಿರಿ.
• ಉಸಿರಿಗಾಗಿ ಮೀನು ಮೇಲೆ ಬಂದು ಗುಳ್ಳೆ ಬಿಡುವ ಜಾಗವನ್ನು ಮೊದಲು ಗುರುತಿಸಿಕೊಳ್ಳಿರಿ.
• ಮಡೆಂಜಿಗೆ ಸಣ್ಣ ಮೀನನ್ನು, ತಳದಲ್ಲಿರುವ ಮುಗುಡಿಗೆ ಎರೆಹುಳುವನ್ನು ಪೋಣಿಸಿರಿ. ಕೀಟಗಳನ್ನು ತಿಂದು ತೋಟಕ್ಕೆ ನೆರವಾಗುವ ಕಪ್ಪೆಯನ್ನು ಬಳಸದಿರುವುದು ಲೇಸು.
• ಮುಗುಡಿನ ಎದೆರೆಕ್ಕೆಯ ಮುಳ್ಳು ಚುಚ್ಚಿದರೆ ತೀವ್ರ ನೋವಾಗುತ್ತದೆ. ದಪ್ಪ ಬಟ್ಟೆಯಿಂದ ಹಿಡಿಯಿರಿ.
• ಒಂದೇ ದಿನದಲ್ಲಿ ಫಲ ನಿರೀಕ್ಷಿಸದೆ, ಹಲವು ದಿನ ಮುಂದುವರಿಸಿರಿ.

ಎಚ್ಚರಿಕೆಗಳು

• ಗುಡುಗು ಕೇಳಿದೊಡನೆ ಗಾಳ ಬಿಟ್ಟು ಮನೆ ಸೇರಿರಿ. ನೀರಿನ ಬದಿ, ಉದ್ದನೆಯ ಕೋಲು ಮತ್ತು ಎತ್ತರದ ಅಡಿಕೆ ಮರ ಮೂರೂ ಸಿಡಿಲಿನ ಅಪಾಯ ಹೆಚ್ಚಿಸುತ್ತವೆ.
• ಪ್ಲಾಸ್ಟಿಕ್ ಹೊದಿಕೆಯ ಹೊಂಡದ ಅಂಚು ಒದ್ದೆಯಾದಾಗ ಅತಿಯಾಗಿ ಜಾರುತ್ತದೆ. ಬಿದ್ದವರು ತಾವಾಗಿ ಮೇಲೇರುವುದು ಕಷ್ಟ. ಒಬ್ಬರೇ ಹೋಗಬೇಡಿರಿ. ಗಂಟು ಹಾಕಿದ ಹಗ್ಗವನ್ನು ದಡದ ಮರಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟಿರಿ.
• ಕಾಲಿನಲ್ಲಿ ಗಾಯವಿದ್ದರೆ ನೀರಿಗಿಳಿಯಬೇಡಿರಿ. ಇಲಿಜ್ವರ ತಗಲುವ ಸಂಭವವಿದೆ.
• ಕುಮಾರಧಾರಾ, ಪಯಸ್ವಿನಿ ನದಿಗಳಲ್ಲಿ ಇಲ್ಲಿ ಬಿಸಿಲಿದ್ದರೂ ಘಟ್ಟದಲ್ಲಿ ಸುರಿದ ಮಳೆಯಿಂದ ನೀರು ಏರಬಹುದು. ನೀರು ಕದಡಿ ಕೆಂಪಾದರೆ ತಕ್ಷಣ ದಡ ಸೇರಿರಿ.
• ಕುಕ್ಕೆ ಸುಬ್ರಹ್ಮಣ್ಯ, ತೊಡಿಕಾನ ಮುಂತಾದ ಕ್ಷೇತ್ರಗಳ ದೇವರ ಮೀನುಗಳನ್ನು ಹಿಡಿಯಕೂಡದು. ತೋಡುಗಳಲ್ಲಿ ಮರಿಗಳ ಗುಂಪನ್ನು ಕಾಯುತ್ತಿರುವ ಮಡೆಂಜಿಯನ್ನೂ ಬಿಟ್ಟುಬಿಡಿರಿ.
• ನದಿ, ತೋಡುಗಳಿಗೆ ವಿಷ ಬೆರೆಸುವುದು, ಸಿಡಿಮದ್ದು ಸಿಡಿಸುವುದು ಕಾನೂನಿನನ್ವಯ ಅಪರಾಧ. ವಿದ್ಯುತ್ ಹಾಯಿಸುವುದು ಹಿಡಿಯುವವರ ಜೀವಕ್ಕೇ ಕುತ್ತು.

ಶಾಶ್ವತ ಪರಿಹಾರ

ಗಾಳದಿಂದ ಪರಭಕ್ಷಕಗಳ ಸಂಖ್ಯೆ ಕುಗ್ಗುತ್ತದೆ, ಆದರೆ ಪೂರ್ಣ ನಿರ್ಮೂಲನೆಯಾಗದು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಹಿಪ್ಪೆ ಹಿಂಡಿಯನ್ನು ಹೆಕ್ಟೇರಿಗೆ 1 ಮೀಟರ್ ಆಳಕ್ಕೆ 2,500 ಕಿ.ಗ್ರಾಂ.ನಂತೆ, ಅಂದರೆ ಗುಂಟೆಗೆ ಸುಮಾರು 25 ಕಿ.ಗ್ರಾಂ. ಹಾಕಿರಿ. ಇದು ಕೆರೆಯ ಎಲ್ಲ ಮೀನುಗಳನ್ನೂ ಕೊಲ್ಲುವುದರಿಂದ ಸಾಕಿದ ಮೀನನ್ನು ಮೊದಲೇ ಹಿಡಿಯಿರಿ. ಕುಡಿಯುವ ನೀರಿನ ಕೆರೆಗೆ ಬಳಸಬೇಡಿರಿ. ಮೂರು ವಾರಗಳ ಬಳಿಕ ಮರಿ ಬಿಡಬಹುದು. ಒಳಹರಿವು ಮತ್ತು ಕೋಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿರಿ. ಬೆರಳುದ್ದಕ್ಕಿಂತ ದೊಡ್ಡದಾದ, 10 ಸೆಂ.ಮೀ. ಮೀರಿದ ಮರಿಗಳನ್ನೇ ಬಿತ್ತನೆ ಮಾಡಿರಿ.

ಹೆಚ್ಚಿನ ಮಾಹಿತಿಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.