ಪೀಡೆನಾಶಕಗಳು ಮತ್ತು ಪಾರ್ಕಿನ್ಸನ್ ಕಾಯಿಲೆ

ಕೃಷಿಯಲ್ಲಿ ಬಳಸುವ ಕೀಟನಾಶಕ, ಕಳೆನಾಶಕಗಳ ಜೊತೆಗಿನ ದೀರ್ಘಕಾಲದ ಒಡನಾಟಕ್ಕೂ ಪಾರ್ಕಿನ್ಸನ್ ಕಾಯಿಲೆಗೂ ಇರುವ ನಂಟಿನ ಅಧ್ಯಯನ 1980ರ ದಶಕದಲ್ಲಿ ಚುರುಕುಗೊಂಡಿತು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ನಡುಮೆದುಳಿನ ನರಕೋಶಗಳು ಸಾಯುತ್ತವೆ. ಕೈ ನಡುಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ನಡಿಗೆ ನಿಧಾನವಾಗುತ್ತದೆ.

ಮೊದಲ ಸುಳಿವು

1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೃತಕ ಹೆರಾಯಿನ್ ಚುಚ್ಚಿಕೊಂಡ ಕೆಲವು ಯುವಜನರು ಹಠಾತ್ತನೆ ಮರಗಟ್ಟಿದಂತಾದರು. ಅದರಲ್ಲಿ ಬೆರೆತಿದ್ದ ಎಂಪಿಟಿಪಿ ಎಂಬ ರಾಸಾಯನಿಕವೇ ಇದಕ್ಕೆ ಕಾರಣವೆಂದು ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದರು. ಎಂಪಿಟಿಪಿ ಮೆದುಳಿನಲ್ಲಿ ಎಂಪಿಪಿ ಪ್ಲಸ್ ಆಗಿ ಮಾರ್ಪಟ್ಟು, ನರಕೋಶದ ಮೈಟೊಕಾಂಡ್ರಿಯಗಳಲ್ಲಿ ಶಕ್ತಿಯ ಉತ್ಪಾದನೆಯನ್ನು ತಡೆಯುತ್ತದೆ. ಎಂಪಿಪಿ ಪ್ಲಸ್‌ನ ರಚನೆ 1962ರಿಂದ ಮಾರಾಟದಲ್ಲಿದ್ದ ಪ್ಯಾರಾಕ್ವಾಟ್ ಕಳೆನಾಶಕವನ್ನು ಬಹಳಮಟ್ಟಿಗೆ ಹೋಲುತ್ತದೆ. ಸಂಶೋಧಕರ ಗಮನ ಹೊಲಗಳತ್ತ ಹರಿದದ್ದು ಆಗ.

2000ದಲ್ಲಿ ತಿಮೋತಿ ಗ್ರೀನಮೈರ್ ಅವರ ತಂಡ ಇಲಿಗಳಿಗೆ ರೊಟೆನೋನ್ ಕೊಟ್ಟು, ಪಾರ್ಕಿನ್ಸನ್ನಿನ ಮುಖ್ಯ ಲಕ್ಷಣಗಳು ಅವುಗಳಲ್ಲಿ ಮೂಡುವುದನ್ನು ತೋರಿಸಿತು. ಡೆರ್ರಿಸ್ ಬೇರಿನಿಂದ ಸಿಗುವ, ಸಹಜವೆಂಬ ಕಾರಣಕ್ಕೆ ನಿರಪಾಯವೆಂದು ಬಳಸುತ್ತಿದ್ದ ಕೀಟನಾಶಕ ಅದು.

ಹೊಲದಿಂದ ಬಂದ ಸಾಕ್ಷ್ಯ

ಕ್ಯಾಲಿಫೋರ್ನಿಯಾದಲ್ಲಿ ಯಾವ ಜಮೀನಿಗೆ ಯಾವ ಪೀಡೆನಾಶಕ ಹೊಡೆದರೆಂಬುದು ಸರ್ಕಾರಿ ದಾಖಲೆಯಲ್ಲಿರುತ್ತದೆ. ಅದನ್ನು ಆಧರಿಸಿದ 2009ರ ಅಧ್ಯಯನದ ಪ್ರಕಾರ, ಮನೆಯಿಂದ 500 ಮೀಟರ್ ಒಳಗೆ ಪ್ಯಾರಾಕ್ವಾಟ್ ಮತ್ತು ಮ್ಯಾನೆಬ್ ಶಿಲೀಂಧ್ರನಾಶಕ ಎರಡನ್ನೂ ಸಿಂಪಡಿಸಿದ್ದ ಕಡೆ ಕಾಯಿಲೆಯ ಅಪಾಯ ಶೇ. 75ರಷ್ಟು ಹೆಚ್ಚಿತ್ತು. ಅಯೋವಾ ಮತ್ತು ನಾರ್ತ್ ಕ್ಯಾರೊಲಿನಾಗಳಲ್ಲಿ ಸಿಂಪಡಣೆ ಮಾಡುವವರನ್ನು ಕುರಿತ 2011ರ ಅಧ್ಯಯನದಲ್ಲಿ ರೊಟೆನೋನ್ ಅಥವಾ ಪ್ಯಾರಾಕ್ವಾಟ್ ಬಳಸಿದವರಿಗೆ ಈ ಅಪಾಯ ಸುಮಾರು 2.5 ಪಟ್ಟು ಇತ್ತು. ಎಲ್ಲ ಫಲಿತಾಂಶಗಳೂ ಒಂದೇ ರೀತಿಯಲ್ಲ: ಅಲ್ಲಿನದೇ ಇನ್ನೂ ದೊಡ್ಡ ಗುಂಪನ್ನು ಕುರಿತ 2020ರ ವರದಿಯಲ್ಲಿ, ಪ್ಯಾರಾಕ್ವಾಟಿನ ನಂಟು ಮುಖ್ಯವಾಗಿ ಹಿಂದೆ ತಲೆಗೆ ಪೆಟ್ಟಾಗಿದ್ದವರಲ್ಲಿ ಕಂಡಿತು.

ಕಾನೂನಿನ ಮನ್ನಣೆ

ಪ್ಯಾರಾಕ್ವಾಟಿಗೆ ಯುರೋಪಿಯನ್ ಒಕ್ಕೂಟ ನೀಡಿದ್ದ ಅನುಮತಿಯನ್ನು ಅಲ್ಲಿನ ನ್ಯಾಯಾಲಯ 2007ರಲ್ಲಿ ರದ್ದುಪಡಿಸಿತು. ಫ್ರಾನ್ಸ್ 2012ರಲ್ಲಿ ಪಾರ್ಕಿನ್ಸನ್ ಅನ್ನು ಕೃಷಿಯ ವೃತ್ತಿರೋಗವೆಂದು ಮಾನ್ಯ ಮಾಡಿತು. ಇದರಿಂದ ಕನಿಷ್ಠ 10 ವರ್ಷ ಪೀಡೆನಾಶಕಗಳ ನಡುವೆ ದುಡಿದ ರೈತರಿಗೂ ಕೂಲಿಗಳಿಗೂ ಪರಿಹಾರದ ಹಾದಿ ತೆರೆಯಿತು.

ಭಾರತದಲ್ಲಿ

ಕಾಫಿ, ಚಹಾ ಮೊದಲಾದ ಬೆಳೆಗಳಲ್ಲಿ ಕಳೆ ಸುಡಲು ಪ್ಯಾರಾಕ್ವಾಟ್ ಬಳಕೆಯಲ್ಲಿದೆ. ಬೆನ್ನಿಗೆ ಹೊರುವ ಪಂಪಿನ ಮುಚ್ಚಳ ಸಡಿಲವಿದ್ದರೆ ದ್ರಾವಣ ಬೆನ್ನಿಗಿಳಿದು ಅಂಗಿ ತೋಯುತ್ತದೆ. ಕಟ್ಟಿಕೊಂಡ ನಾಜಲ್ ಅನ್ನು ಬರಿಗೈಲಿ ಬಿಚ್ಚುವಾಗ ಬೆರಳುಗಳಿಗೆ ಅಂಟುತ್ತದೆ. ಬಿಸಿಲಿನ ಧಗೆಯಲ್ಲಿ ಕೈಗವಸು, ಮುಖಗವಸು ಧರಿಸಿ ದಿನವಿಡೀ ದುಡಿಯುವುದು ಸುಲಭವಲ್ಲ. ಯಾವ ಹೊಲಕ್ಕೆ ಏನನ್ನು ಎಷ್ಟು ಹೊಡೆದರೆಂದು ರೈತರು ಬರೆದಿಡಬೇಕೆಂಬ ಕಡ್ಡಾಯವೂ ಇಲ್ಲಿಲ್ಲ. ಕಾಯಿಲೆ ಕಾಣಿಸಿಕೊಳ್ಳುವುದು ದಶಕಗಳ ನಂತರ. ಅಷ್ಟು ಹಿಂದಿನ ಸಿಂಪಡಣೆಗೆ ದಾಖಲೆಯಿಲ್ಲದಿದ್ದರೆ ಕೂಲಿಯಾಳಿನ ಕೈ ನಡುಕಕ್ಕೆ ವಯಸ್ಸೇ ಕಾರಣವೆಂದಾಗುತ್ತದೆ, ಪರಿಹಾರದ ಮಾತು ಅಲ್ಲಿಗೇ ಮುಗಿಯುತ್ತದೆ. ಸಿಂಪಡಣೆಯ ದಾಖಲೆ ಇಡುವುದು ಸಂಶೋಧನೆಗೆ ಎಷ್ಟು ಅಗತ್ಯವೋ ದುಡಿಯುವವರ ನ್ಯಾಯಕ್ಕೂ ಅಷ್ಟೇ ಅಗತ್ಯ.