ಹಾಡಬಲ್ಲ ನಟ

ನಾನಿರುವ ಊರು ಮಾಕಳಿ. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಿನಲ್ಲಿ, ಮಾದಾವರವನ್ನು ದಾಟಿ ನೆಲಮಂಗಲವನ್ನು ಮುಟ್ಟುವುದಕ್ಕೆ ಮುನ್ನ ಸಿಕ್ಕುವ ಊರು. ಒಂದು ಕಾಲಕ್ಕೆ ರಾಗಿಯ ಹೊಲಗಳಿದ್ದ ಕಡೆ ಈಗ ಕಾರ್ಖಾನೆಗಳೂ ಗೋದಾಮುಗಳೂ ನಿಂತಿವೆ. 2024ರ ನವೆಂಬರಿನಲ್ಲಿ ಮೆಟ್ರೊ ರೈಲು ಮಾದಾವರದವರೆಗೆ ಬಂದ ಮೇಲಂತೂ ನಾವು ಹಳ್ಳಿಯವರೊ ಪಟ್ಟಣದವರೊ ಎಂಬುದು ನಮಗೇ ತಿಳಿಯದಾಗಿದೆ. ನನ್ನ ಬಳಿ ಕನ್ನಡ ಓದುವ ಹುಡುಗರಲ್ಲಿ ಅರೆವಾಸಿ ಮಂದಿ ನೆಲಮಂಗಲದ ಕಡೆಯ ಹಳ್ಳಿಗಳವರು. ಕೆಲವರು ರಾತ್ರಿ ಪಾಳಿ ಮುಗಿಸಿಕೊಂಡು ನೇರವಾಗಿ ತರಗತಿಗೆ ಬರುತ್ತಾರೆ. ಅವರು ತೂಕಡಿಸಿದರೆ ನಾನು ಕಂಡೂ ಕಾಣದವನಂತೆ ಇರುತ್ತೇನೆ.

ಎರಡು ವರ್ಷದ ಕೆಳಗೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹರಿಶ್ಚಂದ್ರನ ಸ್ಮಶಾನದ ದೃಶ್ಯವನ್ನು ಆಡಿಸಿದೆವು. ಹರಿಶ್ಚಂದ್ರನಾದ ಹುಡುಗ ಎತ್ತರದ ಆಳು, ಮಾತು ಸ್ಪಷ್ಟ. ಆದರೆ ಶ್ರುತಿಗೂ ಅವನಿಗೂ ಸಂಬಂಧವಿರಲಿಲ್ಲ. ಇನ್ನೊಬ್ಬನಿದ್ದ; ಕುಳ್ಳ, ಸಂಕೋಚದವನು, ಬಾಯಿ ತೆರೆದರೆ ಮಾತ್ರ ಜೇನು. ನಾನು ಬಹಳ ಬುದ್ಧಿವಂತನೆಂದು ತಿಳಿದು, ಕುಳ್ಳನನ್ನು ಪರದೆಯ ಹಿಂದೆ ಕೂರಿಸಿ ಕಂದಪದ್ಯಗಳನ್ನು ಹಾಡಿಸಿ, ಎತ್ತರದವನ ಬಾಯನ್ನು ಮಾತ್ರ ಆಡಿಸಿದೆ. ಚಪ್ಪಾಳೆ ಜೋರಾಗಿಯೇ ಬಿದ್ದಿತು. ಎಲ್ಲ ಮುಗಿದ ಮೇಲೆ ಹಳ್ಳಿಯಿಂದ ಬಂದಿದ್ದ ಒಬ್ಬ ತಾಯಿ ನನ್ನನ್ನು ಹುಡುಕಿಕೊಂಡು ಬಂದು ಕೇಳಿದರು:

"ಮೇಷ್ಟ್ರೆ, ನಮ್ ಹುಡುಗನ ದನಿ ಕೇಳುಸ್ತು. ಹುಡುಗನೇ ಕಾಣ್ಲಿಲ್ವಲ್ಲ, ಎಲ್ಲವ್ನೆ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಹಿಡಿದುಕೊಂಡೇ ನಮ್ಮ ಸೀಮೆಯವರೇ ಆದ ಒಬ್ಬ ಮಹನೀಯರ ಬಾಳನ್ನು ನಾನು ಮತ್ತೆ ನೋಡುವಂತಾಯಿತು. ಅವರು ಸಿ. ಹೊನ್ನಪ್ಪ ಭಾಗವತರು. 1915ರಲ್ಲಿ ನೆಲಮಂಗಲ ತಾಲ್ಲೂಕಿನ ಚೌಡಸಂದ್ರದಲ್ಲಿ ಹುಟ್ಟಿದವರು. ನಟರೂ ಹೌದು, ಸಂಗೀತಗಾರರೂ ಹೌದು. ಈ "ಹೌದು"ಗಳು ಎರಡೊ ಒಂದೊ ಎಂಬುದೇ ನನ್ನ ವಿಚಾರ.

ಇಂದು ನಾವು "ಇವರು ನಟರು, ಜೊತೆಗೆ ಹಾಡುತ್ತಾರೆ ಕೂಡ" ಎಂದು ಬೆರಗಿನಿಂದ ಹೇಳುತ್ತೇವೆ. ಕಂಪನಿ ನಾಟಕಗಳ ಕಾಲದಲ್ಲಿ ಈ ಮಾತಿಗೆ ಅರ್ಥವೇ ಇರಲಿಲ್ಲ. ಹಾಡಲಾರದವನಿಗೆ ರಾಜಪಾತ್ರವಿಲ್ಲ. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಕೊಟ್ಟಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಪದ್ಯದ ಪ್ರತಿಯೊಂದು ಅಕ್ಷರ ಕೇಳಿಸಬೇಕು. ಆದುದರಿಂದ ನಟರು ಶ್ರುತಿಯನ್ನು ಏರಿಸಿಕೊಂಡು ಹಾಡುತ್ತಿದ್ದರು. ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಂ ಒಂದು ಕಡೆ, ತಬಲ ಇನ್ನೊಂದು ಕಡೆ. ಮಾತು ಭಾವದ ಒಂದು ಮಟ್ಟಕ್ಕೆ ಏರಿದೊಡನೆ ಕಂದವಾಗಿ, ವೃತ್ತವಾಗಿ, ಕೀರ್ತನೆಯಾಗಿ ಹೊರಳುತ್ತಿದ್ದಿತು. ಮೈಸೂರಿನ ರತ್ನಾವಳಿ ಕಂಪನಿಯ ಎ. ವಿ. ವರದಾಚಾರ್ಯರ ಕೀರ್ತಿ ಅಭಿನಯದ್ದೊ ಗಾಯನದ್ದೊ ಎಂದು ಅವರನ್ನು ಕಂಡವರು ವಿಂಗಡಿಸಿ ಹೇಳಿದ್ದಿಲ್ಲ. ಅತ್ತ ಮರಾಠಿಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಸಂಗೀತ ಶಾಕುಂತಲವನ್ನು ಪ್ರಯೋಗಿಸಿದಂದಿನಿಂದ ಬಾಲಗಂಧರ್ವರವರೆಗೆ ಕಾಣುವುದೂ ಇದೇ. ಈ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೆಂಬುದನ್ನು ಇಲ್ಲಿ ನೆನೆಯುವುದು ಅಪ್ರಕೃತವಾಗಲಾರದು.

ಇದು ನಮ್ಮ ದೇಶಕ್ಕೇ ಮೀಸಲಾದ ಮಾತೂ ಅಲ್ಲ. ಷೇಕ್ಸ್‌ಪಿಯರನ ತಂಡಕ್ಕೆ 1599ರ ಸುಮಾರಿಗೆ ರಾಬರ್ಟ್ ಆರ್ಮಿನ್ ಎಂಬ ಹಾಡಬಲ್ಲ ಹಾಸ್ಯನಟ ಬಂದು ಸೇರಿದ. ಆ ಬಳಿಕ ಬಂದ ನಾಟಕಗಳಲ್ಲಿ ವಿದೂಷಕರು ಹಾಡತೊಡಗಿದರು. ಟ್ವೆಲ್ಫ್ತ್ ನೈಟ್ ನಾಟಕದ ಆರಂಭದಲ್ಲಿ ವಯೋಲ ತನಗೆ ಹಾಡಲು ಬರುತ್ತದೆಂದು ಹೇಳಿಕೊಳ್ಳುತ್ತಾಳೆ. ನಾಟಕ ಮುಂದುವರಿದಂತೆ ಹಾಡುವವನು ಮಾತ್ರ ವಿದೂಷಕ ಫೆಸ್ಟೆ. ಆ ಸ್ತ್ರೀಪಾತ್ರವನ್ನು ಆಡುತ್ತಿದ್ದ ಹುಡುಗನ ದನಿ ಒಡೆದಿರಬೇಕು, ಅದಕ್ಕೇ ಹಾಡು ಕೈಬದಲಾಯಿತು ಎಂದು ಕೆಲವು ವಿದ್ವಾಂಸರ ಊಹೆ. ನಮ್ಮ ಕಂಪನಿಗಳ ಬಾಲನಟರ ಪಾಡನ್ನು ಬಲ್ಲವರಿಗೆ ಈ ಊಹೆ ಹೊಸದೆನಿಸುವುದಿಲ್ಲ. ಹಾಡು ಮೊದಲು, ಪಾತ್ರ ಆಮೇಲೆ. ಕಂಠವಿದ್ದ ಕಡೆಗೆ ನಾಟಕವೇ ಬಾಗುತ್ತಿದ್ದಿತು.

ಇಂಥ ಲೋಕಕ್ಕೆ ಬಂದವರು ಹೊನ್ನಪ್ಪನವರು. ನಮ್ಮ ಈ ಹೆದ್ದಾರಿಯನ್ನೇ ಹಿಡಿದು ತುಮಕೂರಿಗೆ ಹೋಗಿ ಅಲ್ಲಿಂದ ಮುಂದೆ ಸಾಗಿದರೆ ಗುಬ್ಬಿ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ನಾಡಿನ ಹೆಸರಾಗಿಸಿದವರು ಗುಬ್ಬಿ ವೀರಣ್ಣನವರು. ಕರ್ಣಾಟಕ ಸಂಗೀತವನ್ನು ಅಭ್ಯಾಸ ಮಾಡಿದ್ದ ಹೊನ್ನಪ್ಪನವರು ವೀರಣ್ಣನವರ ಬಳಗದಲ್ಲಿ ಬೆಳೆದರು. 1941ರ "ಸುಭದ್ರಾ" ಮತ್ತು 1945ರ "ಹೇಮರೆಡ್ಡಿ ಮಲ್ಲಮ್ಮ" ಬೋಲ್ಪಟಗಳಲ್ಲಿ ವೀರಣ್ಣನವರ ಮತ್ತು ಬಿ. ಜಯಮ್ಮನವರ ಜೊತೆಯಲ್ಲಿ ಅಭಿನಯಿಸಿದರು. ಆಗ ಬೋಲ್ಪಟವೆಂದರೆ ನಾಟಕದ ತಮ್ಮನೇ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ "ಸತಿ ಸುಲೋಚನಾ" ಬಂದಾಗ ಅದರ ಮುಖ್ಯ ನಟರಾದ ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ರಂಗಭೂಮಿಯಿಂದಲೇ ಹೋದವರು. ಕ್ಯಾಮೆರಾದ ಎದುರಿಗೆ ನಿಂತು ನಟ ತಾನೇ ಹಾಡಬೇಕು, ವಾದ್ಯದವರು ಎಲ್ಲಿಯಾದರೂ ಮರೆಯಲ್ಲಿ ನಿಂತು ನುಡಿಸಬೇಕು. ಅಂದಿನ ಪದ್ಧತಿ ಅದು.

ಕಂಠವುಳ್ಳವನಿಗೆ ಭಾಷೆ ಗೋಡೆಯಾಗಲಿಲ್ಲ. ಹೊನ್ನಪ್ಪನವರು ತಮಿಳು ಚಿತ್ರಗಳಲ್ಲಿಯೂ ನಾಯಕರಾದರು. ಆ ನಾಡಿನಲ್ಲಿ ಆಗ ಭಾಗವತರ್ ಎಂದರೆ ಎಂ. ಕೆ. ತ್ಯಾಗರಾಜ ಭಾಗವತರ್, ಅವರ "ಹರಿದಾಸ್" ಚಿತ್ರ 1944ರಲ್ಲಿ ಬಿಡುಗಡೆಯಾಗಿ ಮದರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಮೂರು ದೀಪಾವಳಿಗಳನ್ನು ಕಂಡಿತು. ಅದೇ ವರ್ಷದ ಕೊನೆಗೆ ಒಂದು ಕೊಲೆ ಮೊಕದ್ದಮೆಯಲ್ಲಿ ಅವರು ಸೆರೆಗೆ ಬಿದ್ದರು. ನಿರಪರಾಧಿಯೆಂದು ಬಿಡುಗಡೆಯಾದುದು 1947ರಲ್ಲಿ. ಆ ನಡುವೆ ತಮಿಳು ತೆರೆಯ ಮೇಲೆ ನಮ್ಮ ನೆಲಮಂಗಲ ಸೀಮೆಯ ಭಾಗವತರ ಹೆಸರು ಎದ್ದು ಕಂಡಿತು. ಯುದ್ಧಕಾಲದ ಕಥೆಯ "ಬರ್ಮಾ ರಾಣಿ", 1946ರ "ಶ್ರೀ ಮುರುಗನ್", 1947ರ "ಕುಂಡಲಕೇಶಿ" ಬಂದುದು ಈ ಅವಧಿಯಲ್ಲಿ. "ಶ್ರೀ ಮುರುಗನ್" ಚಿತ್ರದಲ್ಲಿ ಇವರು ನಾಯಕರು. ಶಿವನಾಗಿ ತಾಂಡವವಾಡಿದ ತರುಣ ಎಂ. ಜಿ. ರಾಮಚಂದ್ರನ್.

ಆದರೆ ಇವರು ಹೀಗೆ ಮೇಲೇರುತ್ತಿದ್ದಾಗಲೇ ಕಾಲಕೆಳಗಿನ ನೆಲ ಜಾರುತ್ತಿದ್ದಿತು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು "ಧೂಪ್ ಛಾಂವ್" ಚಿತ್ರದಲ್ಲಿ ಹಾಡನ್ನು ಮೊದಲೇ ಧ್ವನಿಮುದ್ರಿಸಿ, ನಟರು ಅದಕ್ಕೆ ತುಟಿಯಾಡಿಸುವ ಪದ್ಧತಿಯನ್ನು ತೋರಿಸಿಕೊಟ್ಟಿದ್ದರು. ಅನುಕೂಲ ಸ್ಪಷ್ಟವಾಗಿಯೇ ಇದ್ದಿತು. ರೂಪವಿದ್ದವನಿಗೆ ಕಂಠ ಬೇಡ, ಕಂಠವಿದ್ದವನಿಗೆ ರೂಪ ಬೇಡ. ಸಾವಿರಾರು ವರ್ಷ ಒಂದೇ ಒಡಲಿನಲ್ಲಿ ಬಾಳಿದ್ದ ಎರಡು ಕಲೆಗಳು ಹಿಸ್ಸೆಯಾದುವು. ಐವತ್ತರ ದಶಕ ಮುಗಿಯುವಷ್ಟರಲ್ಲಿ ಹಿನ್ನೆಲೆಗಾಯನವೇ ಕಟ್ಟಳೆಯಾಯಿತು. ಹಾಡುವ ನಟನೇ ವಿಶೇಷವೆನಿಸಿದ.

ಹೊನ್ನಪ್ಪನವರು ಹಿಸ್ಸೆಗೆ ಸುಲಭವಾಗಿ ಒಪ್ಪಲಿಲ್ಲ. 1955ರಲ್ಲಿ ತಾವೇ "ಮಹಾಕವಿ ಕಾಳಿದಾಸ" ಚಿತ್ರವನ್ನು ನಿರ್ಮಿಸಿ ಕಾಳಿದಾಸನಾದರು. ಅದಕ್ಕೆ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಕನ್ನಡದ ಅರ್ಹತಾಪತ್ರ ದೊರೆಯಿತು. ಹದಿನೇಳರ ಆಸುಪಾಸಿನ ಬಿ. ಸರೋಜಾದೇವಿಯವರನ್ನು ತೆರೆಗೆ ತಂದುದೂ ಆ ಚಿತ್ರವೇ. 1959ರ "ಜಗಜ್ಯೋತಿ ಬಸವೇಶ್ವರ"ದಲ್ಲಿ ಇವರು ಬಸವಣ್ಣ, ಬಿಜ್ಜಳನಾದವರು ರಾಜ್‌ಕುಮಾರ್. ಇಬ್ಬರೂ ಗುಬ್ಬಿಯ ಗರಡಿಯವರು, ಒಬ್ಬರಿಗಿಂತ ಒಬ್ಬರು ಹದಿನಾಲ್ಕು ವರ್ಷ ಕಿರಿಯರು. ಆ ಚಿತ್ರದಲ್ಲಿ ಎದುರುಬದುರಾದುದು ಭಕ್ತ ಮತ್ತು ಅರಸ ಮಾತ್ರವಲ್ಲ, ಕನ್ನಡ ನಟನ ಎರಡು ಕಾಲಗಳು ಎಂದು ನನಗೆ ತೋರುತ್ತದೆ.

ಇದಕ್ಕೊಂದು ನಿದರ್ಶನ ಕೊಡುತ್ತೇನೆ. 1949ರಲ್ಲಿ ತೆರೆಗೆ ಬಂದ ಗೋರಾ ಕುಂಬಾರನ ಚಿತ್ರದಲ್ಲಿ ಗೋರನಾದವರು ಹೊನ್ನಪ್ಪ ಭಾಗವತರು. ಇಪ್ಪತ್ತೈದು ವರ್ಷದ ಮೇಲೆ, 1974ರಲ್ಲಿ, ಅದೇ ಕಥೆ "ಭಕ್ತ ಕುಂಬಾರ"ವಾಗಿ ಬಂದಾಗ ಗೋರನಾದವರು ರಾಜ್‌ಕುಮಾರ್; ಗೋರನ ಕೊರಳಾದವರು ಪಿ. ಬಿ. ಶ್ರೀನಿವಾಸ್. ಈ ಎರಡನೆಯದನ್ನು ನಾನು ಹೀಗಳೆಯಲಾರೆ. ಆ ದನಿಯೂ ಆ ಮುಖವೂ ಬೇರೆ ಬೇರೆ ಎಂದು ನಂಬುವುದೇ ಕಷ್ಟ. ಅದು ಸ್ವಂತ ಹಾಡುಗಾರಿಕೆಗಿಂತ ಕೀಳಾದ ಕಲೆಯೆಂದರೆ ಕಿವಿಯುಳ್ಳವರು ನನ್ನನ್ನು ಕ್ಷಮಿಸುವುದಿಲ್ಲ.

ಇನ್ನೊಂದು ಆಕ್ಷೇಪವೂ ಏಳಬಹುದು: ಹಾಡುವವನೊಬ್ಬ, ಆಡುವವನೊಬ್ಬ ಎಂಬ ವ್ಯವಸ್ಥೆ ನಮ್ಮ ಯಕ್ಷಗಾನದಲ್ಲಿ ಮೊದಲಿನಿಂದಲೂ ಇದೆಯಲ್ಲ? ಇದೆ, ಅಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾನೆ. ಆದರೆ ಒಂದು ಭೇದವಿದೆ. ಯಕ್ಷಗಾನದ ಭಾಗವತರು ರಂಗದ ಮೇಲೆಯೇ, ಎಲ್ಲರ ಕಣ್ಣೆದುರಿಗೆ, ತಾಳ ಹಿಡಿದು ಇರುತ್ತಾರೆ. ಆಟವನ್ನು ನಡೆಸುವವರೇ ಅವರು. ಅವರ ದನಿಯನ್ನು ಯಾರೂ ವೇಷಧಾರಿಯ ದನಿಯೆಂದು ನಂಬಿಸಹೋಗುವುದಿಲ್ಲ. ಕಲೆಯನ್ನು ಹಂಚಿಕೊಳ್ಳುವುದು ತಪ್ಪಲ್ಲ. ಹಂಚಿಕೊಂಡವನನ್ನು ಮರೆಮಾಡುವುದು ತಪ್ಪು. ನಾನು ಆ ತಾಯಿಗೆ ಮಾಡಿದ ಅನ್ಯಾಯ ಏನೆಂಬುದು ಹೊಳೆದುದು ಇಲ್ಲಿಗೆ ಬಂದಾಗ.

1992ನೆಯ ವರ್ಷವನ್ನು ಓದುಗರು ಗಮನಿಸಬೇಕು. ಆ ವರ್ಷ ಹೊನ್ನಪ್ಪ ಭಾಗವತರು ತೀರಿಕೊಂಡರು. ಅದೇ ವರ್ಷ ಮಲ್ಲಿಕಾರ್ಜುನ ಮನ್ಸೂರರೂ ಹೋದರು. ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ ಹಾಡಿದ ಅವರು ಆಮೇಲೆ ರಂಗವನ್ನು ಬಿಟ್ಟು ಸಂಗೀತವೊಂದನ್ನೇ ಹಿಡಿದವರು. ಅದೇ ವರ್ಷದ "ಜೀವನ ಚೈತ್ರ" ಚಿತ್ರದ ತೋಡಿ ರಾಗದ ಹಾಡಿಗಾಗಿ ರಾಜ್‌ಕುಮಾರರಿಗೆ ಶ್ರೇಷ್ಠ ಗಾಯಕರೆಂಬ ರಾಷ್ಟ್ರಪ್ರಶಸ್ತಿ ಬಂದಿತು. ವರ್ಷಗಟ್ಟಲೆ ಬೇರೆಯವರ ದನಿಗೆ ತುಟಿಯಾಡಿಸಿ, 1974ರ "ಸಂಪತ್ತಿಗೆ ಸವಾಲ್" ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತು ಸ್ವಂತ ಕಂಠದಲ್ಲಿ ಹಾಡಿದ ಮೇಲೆ ನಾಡು ಆ ಕಂಠವನ್ನು ಮತ್ತೆ ಬಿಟ್ಟುಕೊಡಲಿಲ್ಲ. ಒಬ್ಬರು ನಟನೆಯನ್ನು ಬಿಟ್ಟರು, ಒಬ್ಬರು ಹಾಡನ್ನು ಬಿಟ್ಟು ಮರಳಿ ಪಡೆದರು, ಒಬ್ಬರು ಎರಡನ್ನೂ ಬಿಡದೆ ಹಿಡಿದರು. ಮೊದಲಿನ ಇಬ್ಬರ ಹೆಸರು ಮನೆಮಾತಾಗಿದೆ. ಎರಡನ್ನೂ ಹಿಡಿದವರ ಹೆಸರನ್ನು ಅವರು ಹುಟ್ಟಿದ ತಾಲ್ಲೂಕಿನಿಂದಲೇ ಬರುವ ನನ್ನ ಹುಡುಗರ ಮುಂದೆ ಹೇಳಿದಾಗ ತರಗತಿಯಲ್ಲಿ ಒಂದು ಕೈಯೂ ಏಳಲಿಲ್ಲ.

ಮರುವರ್ಷ ಅದೇ ಹರಿಶ್ಚಂದ್ರನ ದೃಶ್ಯವನ್ನು ಮತ್ತೆ ಆಡಿಸಿದೆವು. ಕುಳ್ಳ ಹುಡುಗನನ್ನು ಈ ಸಲ ಪರದೆಯ ಹಿಂದೆ ಕೂರಿಸಲಿಲ್ಲ. ರಂಗದ ಬಲಮಗ್ಗುಲಲ್ಲಿ ಹಾರ್ಮೋನಿಯಂ ಪಕ್ಕದಲ್ಲಿ, ಮುಖದ ಮೇಲೆ ದೀಪ ಬೀಳುವಂತೆ ನಿಲ್ಲಿಸಿದೆ. ಮೊದಲ ಪದ್ಯಕ್ಕೆ ಕಾಲು ನಡುಗಿದುವು, ದನಿ ನಡುಗಲಿಲ್ಲ. ಅವನ ತಾಯಿ ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಈ ಸಲ ನನ್ನನ್ನು ಹುಡುಕಿಕೊಂಡು ಬರಲಿಲ್ಲ.