ಹತ್ತು ಅಂಕದ ಕಥೆ: ಟಾಪ್‌ಕೋಡರ್ ಪ್ಲಗಿನ್‌ಗಳು

ಈಗ ಆನ್‌ಲೈನ್ ಪ್ರೋಗ್ರಾಮಿಂಗ್ ಸ್ಪರ್ಧೆಗೆ ಕೂರುವವರು ಬ್ರೌಸರಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಪ್ರಶ್ನೆಯ ಮಾದರಿ ಉದಾಹರಣೆಗಳೆಲ್ಲ ಅವರ ಎಡಿಟರಿಗೇ ಬಂದು ಕೂರುತ್ತವೆ. ಈ ಅನುಕೂಲದ ಹಳೆಯ ಬೇರೊಂದು ಟಾಪ್‌ಕೋಡರ್‌ನಲ್ಲಿದೆ.

ಟಾಪ್‌ಕೋಡರ್ ಹುಟ್ಟಿದ್ದು 2001ರಲ್ಲಿ, ಅಮೆರಿಕದಲ್ಲಿ. ಸ್ಪರ್ಧೆ ನಡೆಯುತ್ತಿದ್ದುದು 'ಅರೀನಾ' ಎಂಬ ಜಾವಾ ಕಿಟಕಿಯೊಳಗೆ. ಮೂರು ಪ್ರಶ್ನೆ, 75 ನಿಮಿಷ. ಆಮೇಲೆ 15 ನಿಮಿಷ ಬೇರೆಯವರ ಕೋಡ್ ಓದಿ ತಪ್ಪು ಹಿಡಿಯುವ 'ಚಾಲೆಂಜ್' ಸುತ್ತು. ಪ್ರಶ್ನೆ ತೆರೆದ ಗಳಿಗೆಯಿಂದಲೇ ಅಂಕ ಕರಗಲು ಶುರು. ಅವರ ಸೂತ್ರ ಹಿಡಿದು ನಾನೇ ಲೆಕ್ಕ ಹಾಕಿ ನೋಡಿದೆ: 250 ಅಂಕದ ಪ್ರಶ್ನೆಯನ್ನು 5 ನಿಮಿಷದಲ್ಲಿ ಮುಗಿಸಿದರೆ ಸುಮಾರು 242, 8 ನಿಮಿಷವಾದರೆ 232. ಮೂರು ನಿಮಿಷಕ್ಕೆ ಹತ್ತು ಅಂಕ!

ಆ ಮೂರು ನಿಮಿಷ ಎಲ್ಲಿ ಹೋಗುತ್ತಿತ್ತು ಅಂತೀರಾ? ಕ್ಲಾಸಿನ ಹೆಸರು, ಫಂಕ್ಷನ್ನಿನ ಹೆಸರು ಬೆರಳಚ್ಚಿಸುವುದು, ನಮ್ಮದೇ ಗಣಕದಲ್ಲಿ ಪರೀಕ್ಷಿಸಬೇಕೆಂದರೆ ಉದಾಹರಣೆಗಳನ್ನೆಲ್ಲ ಕೈಯಾರೆ ತುಂಬುವುದು. ಇದರಲ್ಲಿ ಬುದ್ಧಿಗೆ ಕೆಲಸವೇ ಇಲ್ಲ. ಅರೀನಾದ ಸ್ವಂತ ಎಡಿಟರೂ ಬೋಳುಬೋಳು.

ಟಾಪ್‌ಕೋಡರ್‌ನವರು ಮಾಡಿದ ಜಾಣತನವೆಂದರೆ ಎಡಿಟರಿನ ಬಾಗಿಲನ್ನು ತೆರೆದಿಟ್ಟದ್ದು. ಯಾರು ಬೇಕಾದರೂ ಜಾರ್ ಫೈಲ್ ಬರೆದು ಸೇರಿಸಬಹುದಿತ್ತು. ಸ್ಪರ್ಧಿಗಳೇ ಬರೆದರು. ಫೈಲ್‌ಎಡಿಟ್ ಪ್ರಶ್ನೆಯನ್ನು ನಮ್ಮ ಡಿಸ್ಕಿಗೆ ಇಳಿಸುತ್ತಿತ್ತು, ವಿಮ್ ಆಗಲಿ ಇಮ್ಯಾಕ್ಸ್ ಆಗಲಿ ನಮ್ಮಿಷ್ಟ. ಟಿಝಡ್‌ಟೆಸ್ಟರ್ ಉದಾಹರಣೆಗಳಿಂದ ಪರೀಕ್ಷಾ ಕೋಡ್ ಹೆಣೆಯುತ್ತಿತ್ತು. ಕೋಡ್‌ಪ್ರೊಸೆಸರ್ ಇವೆರಡನ್ನೂ ಜೋಡಿಸಿ, ಒಪ್ಪಿಸುವಾಗ ಗುರುತು ಹಾಕಿದ ಭಾಗವನ್ನು ಕತ್ತರಿಸುತ್ತಿತ್ತು. ಕವಿಗಿಎಡಿಟ್ ಒಂದರಲ್ಲೇ ಬಣ್ಣದ ಎಡಿಟರು, ಪರೀಕ್ಷೆ ಎಲ್ಲ ಇತ್ತು. ಆ ಕಾಲದ ಕೋಡಿನ ತುದಿಯಲ್ಲಿ ಈ ಪ್ಲಗಿನ್‌ಗಳ ಹೆಸರಿನ ಸಾಲು ಇವತ್ತಿಗೂ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ಇದು ಮೋಸವಲ್ಲವೆ? ನನ್ನ ಪ್ರಕಾರ ಅಲ್ಲ. ಪ್ಲಗಿನ್ ಕೈಯ ಕೆಲಸ ಉಳಿಸುತ್ತಿತ್ತೇ ಹೊರತು ಲೆಕ್ಕ ಬಿಡಿಸುತ್ತಿರಲಿಲ್ಲ. ಗೆರೆ ಎಳೆಯಬೇಕಾದ ಕಡೆ ಟಾಪ್‌ಕೋಡರ್ ಎಳೆದೇ ಇತ್ತು: ಬಳಸದ ಕೋಡ್ ಶೇಕಡಾ 30 ಮೀರುವಂತಿರಲಿಲ್ಲ. ಮೊದಲೇ ಬರೆದಿಟ್ಟ ರಾಶಿ ಕೋಡನ್ನು ಸುರಿದರೆ ಚಾಲೆಂಜ್ ಸುತ್ತಿನಲ್ಲಿ ಓದುವವನ ಗತಿಯೇನು! ಆದರೆ ಪ್ಲಗಿನ್ ಇದೆಯೆಂದೇ ಗೊತ್ತಿಲ್ಲದ ಹೊಸಬ ಆ ಹತ್ತು ಅಂಕ ಕಳೆದುಕೊಳ್ಳುತ್ತಿದ್ದ ಅನ್ನುವುದೂ ನಿಜ.

ಗೂಗಲ್ ಕೋಡ್ ಜಾಮ್ ಕೂಡ ಮೊದಮೊದಲು ಟಾಪ್‌ಕೋಡರ್ ಮೇಲೆಯೇ ನಡೆದದ್ದು. 2008ರಲ್ಲಿ ಗೂಗಲ್ ಸ್ವಂತ ವೇದಿಕೆಗೆ ಹೋಯಿತು. 2010ರಲ್ಲಿ ರಷ್ಯಾದ ಸರಾಟೊವ್‌ನಿಂದ ಕೋಡ್‌ಫೋರ್ಸಸ್ ಬಂತು. 2013ರಲ್ಲಿ ಟಾಪ್‌ಕೋಡರನ್ನು ಆಪಿರಿಯೊ ಕೊಂಡಿತು, 2016ರಲ್ಲಿ ಆಪಿರಿಯೊವನ್ನು ನಮ್ಮ ಬೆಂಗಳೂರಿನ ವಿಪ್ರೋ ಕೊಂಡಿತು. ಅಷ್ಟರಲ್ಲಿ ಹುಡುಗರು ಬೇರೆಡೆಗೆ ಸರಿದಿದ್ದರು, ಪ್ಲಗಿನ್ ಕೆಲಸವೂ ಅವರ ಜೊತೆ ಬ್ರೌಸರಿಗೆ, ವಿಎಸ್ ಕೋಡಿಗೆ ಸರಿಯಿತು.

2024ರಲ್ಲಿ ಕೋಡ್‌ಫೋರ್ಸಸ್ ಸ್ಪರ್ಧೆಗಳಲ್ಲಿ ಎಐ ಬಳಕೆಗೆ ಕಡಿವಾಣ ಹಾಕಿತು. ಪ್ರಶ್ನೆ ಮಾತ್ರ ಹಳೆಯದೇ: ಎಡಿಟರು ಎಲ್ಲಿಯವರೆಗೆ ಕೈ, ಎಲ್ಲಿಂದ ತಲೆ? ಹಳೆಯ ಪ್ಲಗಿನ್‌ಗಳು ಕೈಯಾಗಿಯೇ ಉಳಿದವು, ಅದಕ್ಕೇ ಅವು ನನಗಿಷ್ಟ. ನೀವೇನಂತೀರಿ?